ಇನ್ನೆರಡು ಅಂಕಿ ಬಾಕಿ ಇತ್ತು

ಕಳೆದ ವರ್ಷದ ಮಳೆಗಾಲ. ಮೂಡಿಗೆರೆಯ ಒಂದು ಖಾಸಗಿ ಶಾಲೆಯವರು ಕಂಪ್ಯೂಟರ್ ಟೀಚರ್ ಕೆಲಸಕ್ಕೆ ನನ್ನನ್ನು ಡೆಮೊ ಕ್ಲಾಸಿಗೆ ಕರೆದಿದ್ದರು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ನಾನೇ ಬರೆದ ಒಂದು ಪ್ರೋಗ್ರಾಂ ಅನ್ನು ಮಕ್ಕಳ ಮುಂದೆ ನಡೆಸಿ ತೋರಿಸಬೇಕಿತ್ತು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲೇ ಕುಳಿತಿದ್ದ ನನಗೆ ಬಂದ ಮೊದಲ ಕರೆ ಅದು.

ಪ್ರೋಗ್ರಾಂ ಬರೆಯಲು ಕೋಡ್ ಎಡಿಟರ್ ಎಂಬ ಆ್ಯಪ್ ಬೇಕು. ಪುಕ್ಕಟೆ ಸಿಗುವವೂ ಇವೆ. ಆದರೆ ಒಮ್ಮೆ ಕೊಂಡರೆ ಕಂಪ್ಯೂಟರಿಗೂ ಟ್ಯಾಬಿಗೂ ಆಗುತ್ತದೆ ಎಂದು ಬರೆದಿದ್ದನ್ನು ನೋಡಿ ಒಂದು ಆ್ಯಪ್ ಕೊಂಡಿದ್ದೆ. ದುಡ್ಡು ಅವ್ವನದು. ಅವ್ವ ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ದು, ಆಗಷ್ಟೇ ರಿಟೈರ್ ಆಗಿದ್ದಳು. ಅವಳಿಗೆ ಬಂದ ಗ್ರಾಚ್ಯುಯಿಟಿ ಪೂರ್ತಿ ಬ್ಯಾಂಕಿನಲ್ಲಿತ್ತು. ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನಿಂಗೆ ಬೇಕಾಗಿದ್ದು ತಗಾ. ನಂಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ" ಎಂದಿದ್ದಳು. ಖಾತೆಗೂ ನನ್ನ ಮೊಬೈಲ್ ನಂಬರನ್ನೇ ಕೊಟ್ಟಿದ್ದೆವು.

ಬುಧವಾರ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಪ್ರೋಗ್ರಾಂನಲ್ಲಿ ಒಂದು ತಪ್ಪು ಹಾಗೇ ಉಳಿದಿತ್ತು. ಒಂದು ಬಟನ್ ಒತ್ತಿದರೆ ಎಲ್ಲ ನಿಂತುಬಿಡುತ್ತಿತ್ತು. ಫೈಲನ್ನು ಮೊದಲೇ ಮೇಲ್ ಮಾಡಿಕೊಂಡಿದ್ದರಿಂದ, ಚಿಕ್ಕಮ್ಮನ ಮಗಳು ಬಳಸಿ ಕೊಟ್ಟಿದ್ದ ಹಳೇ ಟ್ಯಾಬಿನಲ್ಲಿ ಸರಿ ಮಾಡೋಣ ಎಂದುಕೊಂಡೆ. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಗುರುವಾರ ಮಧ್ಯಾಹ್ನ ಗೋಣಿಬೀಡಿಗೆ ಬಂದು ಬಸ್ ಶೆಲ್ಟರಿನಲ್ಲಿ ಕುಳಿತೆ.

ಆ್ಯಪ್ ಇಳಿಸಿಕೊಂಡೆ. ಆದರೆ ಫೈಲು ತೆರೆದರೆ, ತಿದ್ದಬೇಕಾದರೆ ಮೊದಲು ಖರೀದಿಸಿ ಎಂದು ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಅವ್ವನ ದುಡ್ಡೂ ಹೋಯಿತು, ನಾಳೆಯ ಕೆಲಸವೂ ಹೋಯಿತು ಎಂದುಕೊಂಡೆ. ಮೊಬೈಲಿನಲ್ಲಿ ಆ ಆ್ಯಪಿನ ಕಸ್ಟಮರ್ ಕೇರ್ ನಂಬರ್ ಹುಡುಕಿದೆ. ಸಿಕ್ಕ ಮೊದಲ ನಂಬರಿಗೇ ಫೋನ್ ಮಾಡಿದೆ.

ಒಬ್ಬ ಗಂಡಸು ಚೆಂದದ ಕನ್ನಡದಲ್ಲಿ ಮಾತಾಡಿದ. "ನಿಮ್ಮ ಪೇಮೆಂಟ್ ಸಿಕ್ಕಾಕ್ಕೊಂಡಿದೆ ಮೇಡಂ. ಟೆನ್ಷನ್ ಮಾಡ್ಕೋಬೇಡಿ, ರಿಫಂಡ್ ಹಾಕ್ತೀನಿ. ಆಮೇಲೆ ಎರಡರಲ್ಲೂ ಓಪನ್ ಆಗುತ್ತೆ. ಕಾರ್ಡ್ ನಂಬರ್ ಹೇಳಿ." ಹೇಳಿದೆ. ಕಾರ್ಡಿನ ಹಿಂದಿನ ಮೂರು ಅಂಕಿಗಳನ್ನೂ ಹೇಳಿದೆ. "ಈಗೊಂದು ಓಟಿಪಿ ಬಂತಲ್ಲ, ಅದನ್ನು ಹೇಳಿಬಿಡಿ, ಬೇಗ."

ಸ್ಪೀಕರ್ ಹಾಕಿ, ಮಳೆಯ ಸದ್ದಿಗೆ ಜೋರಾಗಿಯೇ ಓದತೊಡಗಿದೆ. ನಾಲ್ಕು ಅಂಕಿ ಹೇಳಿದ್ದೆ. ಆಗ ಒಂದು ಕೈ ಬಂದು ನನ್ನ ಮೊಬೈಲಿನ ಮೇಲೆ ಕೂತಿತು. ಗ್ರೀಸು ಮೆತ್ತಿದ ಕೈ.

"ಹೇಳ್ಬೇಡ ಮಗಾ. ಫೋನ್ ಇಡು."

ಶೆಲ್ಟರಿನ ಪಕ್ಕದ ಪಂಕ್ಚರ್ ಅಂಗಡಿಯ ಹಸನಬ್ಬನವರು. ಆಗ ನನಗೆ ಅವರ ಹೆಸರೂ ಗೊತ್ತಿರಲಿಲ್ಲ. "ಏಯ್, ಯಾರ್ರೀ ನೀವು? ಕೈ ತೆಗೀರಿ!" ಎಂದು ಚೀರಿದೆ. ಶೆಲ್ಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಬ್ಬರು ಗಂಡಸರು ಎದ್ದು ಬಂದರು. ಹಸನಬ್ಬನವರು ಕೈಯನ್ನೇನೋ ತೆಗೆದರು, ಆದರೆ ಅಲ್ಲಿಂದ ಕದಲಲಿಲ್ಲ.

"ಬೈಯೋದಾದ್ರೆ ಆಮೇಲೆ ಬೈಯಿ ಮಾರಾಯ್ತಿ. ಮೊದ್ಲು ಆ ಮೆಸೇಜ್ ಪೂರ್ತಿ ಓದು. ನಂಬರ್ ಅಲ್ಲ, ಅಕ್ಷರ ಓದು."

ಓದಿದೆ. ಅದರಲ್ಲಿ ರಿಫಂಡಿನ ಮಾತೇ ಇರಲಿಲ್ಲ. ಅವ್ವನ ಖಾತೆಯಿಂದ ಹೆಚ್ಚುಕಡಿಮೆ ಎಲ್ಲ ದುಡ್ಡೂ ಯಾವುದೋ ಅಂಗಡಿಗೆ ಹೋಗಲು ಒಪ್ಪಿಗೆ ಕೇಳುತ್ತಿತ್ತು. ಫೋನಿನಲ್ಲಿ ಆ ಮನುಷ್ಯ "ಹಲೋ ಮೇಡಂ, ಇನ್ನೆರಡು ನಂಬರ್" ಎನ್ನುತ್ತಲೇ ಇದ್ದ. ಕಟ್ ಮಾಡಿದೆ. ಮತ್ತೆ ರಿಂಗಾಯಿತು. ಮತ್ತೆ ಕಟ್ ಮಾಡಿದೆ. ಬೇರೆ ನಂಬರಿನಿಂದ ಬಂತು. ಜೊತೆಗೆ ಇನ್ನೊಂದು ಓಟಿಪಿ.

"ಕಾರ್ಡ್ ನಂಬರ್ ಅವ್ನ ಹತ್ರ ಐತೆ. ಬ್ಲಾಕ್ ಮಾಡಿಸ್ಬೇಕು. ನಡಿ ಬ್ಯಾಂಕಿಗೆ" ಎಂದು, ಅರ್ಧ ಬಿಚ್ಚಿದ್ದ ಜೀಪಿನ ಟಯರನ್ನು ಹಾಗೇ ಬಿಟ್ಟು ಛತ್ರಿ ಬಿಚ್ಚಿದರು. ಬ್ಯಾಂಕು ಮುಚ್ಚಲು ಸ್ವಲ್ಪವೇ ಹೊತ್ತಿತ್ತು. ಒಳಗಿದ್ದ ಮೇಡಂ ನನ್ನ ಮುಖ ನೋಡಿ ನೀರು ಕೊಟ್ಟು, ಕಂಪ್ಯೂಟರಿನಲ್ಲಿ ಹುಡುಕತೊಡಗಿದರು. ಅವರು ಕೀ ಒತ್ತುತ್ತಿದ್ದ ಆ ಕೆಲವು ನಿಮಿಷ ನಾನು ಹೇಗೆ ನಿಂತಿದ್ದೆನೋ ಗೊತ್ತಿಲ್ಲ. ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

"ಏನೂ ಹೋಗಿಲ್ಲಮ್ಮ. ಎರಡು ಸಲ ಪ್ರಯತ್ನಪಟ್ಟಿದ್ದಾರೆ. ಕಾರ್ಡ್ ಬ್ಲಾಕ್ ಮಾಡಿದೀನಿ."

ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟೆ. ಹಸನಬ್ಬನವರು ಬಾಗಿಲ ಹತ್ತಿರ ಛತ್ರಿ ಹಿಡಿದು ನಿಂತೇ ಇದ್ದರು.

ಸಂಜೆ ಮನೆಗೆ ಹೊರಡುವ ಮೊದಲು ಆ್ಯಪಿನ ಒಳಗೇ ಇದ್ದ ವಿಳಾಸಕ್ಕೆ ಮೇಲ್ ಬರೆದೆ. ಟ್ಯಾಬಿನಲ್ಲಿ ಚಿಕ್ಕಮ್ಮನ ಮಗಳ ಮೇಲ್ ಐಡಿಯೇ ಇದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮರುದಿನ ಗೋಣಿಬೀಡಿಗೆ ಬರುವಷ್ಟರಲ್ಲಿ ಉತ್ತರ ಬಂದಿತ್ತು: ಕೊಂಡಾಗ ಕೊಟ್ಟ ಐಡಿಯಿಂದಲೇ ಟ್ಯಾಬಿನಲ್ಲೂ ಲಾಗಿನ್ ಆಗಿ. ಎರಡು ನಿಮಿಷದ ಕೆಲಸ. ಮೂಡಿಗೆರೆ ಬಸ್ಸಿನಲ್ಲಿ ಕುಳಿತು ತಪ್ಪು ತಿದ್ದಿದೆ. ಕೆಲಸವೂ ಸಿಕ್ಕಿತು.

ಅವ್ವನಿಗೆ ಎಲ್ಲ ಹೇಳಿದ್ದು ಆ ಭಾನುವಾರ. ಅವಳು ಬೈಯಲಿಲ್ಲ. "ಆ ಪುಣ್ಯಾತ್ಮನ ಹತ್ರ ಕ್ಷಮೆ ಕೇಳಿದ್ಯಾ?" ಎಂದಳು. ನಾನು ಕೇಳಿರಲಿಲ್ಲ. ಸೋಮವಾರ ಹೋಗಿ ಕೇಳಿದೆ. ಹಸನಬ್ಬನವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಾ, ತಲೆ ಎತ್ತದೆ ಹೇಳಿದರು:

"ನಂಗೂ ಹಿಂಗೇ ಆಗಿತ್ತು ಮಗಾ. ಇದೇ ಶೆಲ್ಟರಲ್ಲಿ ಕೂತು ನಂಬರ್ ಓದಿ ಹೇಳಿದ್ದೆ. ಪಕ್ಕದಲ್ಲಿ ನಾಕು ಜನ ಕೇಳ್ತಾ ಕೂತಿದ್ರು. ಓದಿರೋರೇ. ಎಲ್ಲ ಹೋದ್ಮೇಲೆ, ನಮಗೆ ಆಗ್ಲೇ ಅನುಮಾನ ಬಂದಿತ್ತು ಅಂದ್ರು."

ಆ ನಾಲ್ವರಲ್ಲಿ ನಾನೂ ಇದ್ದಿದ್ದರೆ ಬಾಯಿ ಬಿಡುತ್ತಿದ್ದೆನೇ? ಇಲ್ಲ ಎಂದೇ ಅನ್ನಿಸುತ್ತದೆ. ಬೇರೆಯವರ ವಿಷಯ ನಮಗ್ಯಾಕೆ ಎಂದು ಬಸ್ಸು ಬರುವ ದಾರಿ ನೋಡುತ್ತಾ ಕುಳಿತಿರುತ್ತಿದ್ದೆ. ಆ ಯೋಚನೆ ಬಂದಾಗಲೆಲ್ಲ ನನಗೆ ನನ್ನ ಮೇಲೇ ನಾಚಿಕೆಯಾಗುತ್ತದೆ.