ಕ್ವಾರ್ಟರ್ಸಿನ ಹಿಂದಿನ ಚವಳಿಕಾಯಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವಿಶಾಖಪಟ್ಟಣದಲ್ಲಿ ಅಕ್ಕನ ಕ್ವಾರ್ಟರ್ಸಿನ ಹಿಂದೆ ಇದ್ದ ತೋಟಕ್ಕೆ ಬೇಲಿ ಇತ್ತೆಂದು ನನ್ನ ನೆನಪು; ಭಾವ ಇರಲೇ ಇಲ್ಲ ಎನ್ನುತ್ತಾರೆ. ಅವರು ನೌಕಾಪಡೆಯವರು, ತಿಂಗಳುಗಟ್ಟಲೆ ಹಡಗಿನಲ್ಲಿ ಇರುತ್ತಿದ್ದವರು. ನಾನೂ ಅಲ್ಲಿ ನೆಲೆಸಿದವಳಲ್ಲ. ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸ, ಭವಾನಿಪುರಂನಲ್ಲಿ ಬಾಡಿಗೆ ಮನೆ. ರಜೆ ಸಿಕ್ಕಾಗ ರೈಲು ಹತ್ತಿ ಹೋಗಿ ಒಂದೆರಡು ದಿನ ಇದ್ದು ಬರುತ್ತಿದ್ದೆ. ಹಾಗೆ ಬಿಡಿಬಿಡಿಯಾಗಿ ಕಂಡದ್ದನ್ನು ಒಂದು ಕಥೆಯಂತೆ ಜೋಡಿಸಲು ನನಗೆ ಅಧಿಕಾರವಿದೆಯೇ ಎಂಬುದೂ ಗೊತ್ತಿಲ್ಲ.

ತೋಟ ಮಾಡಿದ್ದು ಹವ್ಯಾಸಕ್ಕಲ್ಲ. ಮಾರುಕಟ್ಟೆ ದೂರ. ಗಂಡಂದಿರು ಸಮುದ್ರದಲ್ಲಿರುವಾಗ ಕೂಸುಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಹೋಗಿ ಬರುವುದು ಅಲ್ಲಿಯ ಹೆಂಗಸರಿಗೆ ಆಗುತ್ತಿರಲಿಲ್ಲ. ತಳ್ಳುಗಾಡಿಯವನು ಬರುವಷ್ಟರಲ್ಲಿ ಸೊಪ್ಪು ಬಾಡಿರುತ್ತಿತ್ತು, ಮಳೆ ಹಿಡಿದರೆ ಅವನೂ ಬರುತ್ತಿರಲಿಲ್ಲ. ಆಲೂಗಡ್ಡೆ, ಈರುಳ್ಳಿಯಲ್ಲೇ ವಾರ ಕಳೆಯಬೇಕು. ಅಕ್ಕ ಆಸುಪಾಸಿನ ಮನೆಗಳವರನ್ನು ಕೂಡಿಸಿ ಹಿಂದಿನ ಖಾಲಿ ಜಾಗ ಅಗೆದಳು. ಧಾರವಾಡದಿಂದ ಅವ್ವ ಬೀಜ ಕಳಿಸಿದಳು. ಮೆಂತ್ಯ, ಪುಂಡಿಸೊಪ್ಪು, ಬದನೆ ಬಂದವು. ಬೇರೆ ಕಡೆ ಗೋರಿಕಾಯಿ ಎನ್ನುವ ಚವಳಿಕಾಯಿಯಂತೂ ಯಾರಿಗೂ ಬೇಡವೆನಿಸುವಷ್ಟು ಬಂತು.

ಹೆಚ್ಚಾದದ್ದನ್ನು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ಬಾಳಕ ಮಾಡಿ ಮಳೆಗಾಲಕ್ಕೆ ಇಡೋಣವೆಂದು ಅಕ್ಕ ಹೇಳಿದಳು. ಭಾವನಿಗೆ ಯಾವಾಗ ಬೇಕಾದರೂ ವರ್ಗವಾಗಬಹುದಿತ್ತು. ತಾನು ಹೋದ ಮೇಲೂ ತೋಟ ಉಳಿಯಬೇಕೆಂಬುದು ಅವಳ ಹಟ.

"ಇದೊಂದು ಮಳಿಗಾಲ ಇವರ ಮನ್ಯಾಗ ಕಾಯಿಪಲ್ಲೆ ಇತ್ತಂದ್ರ ಸಾಕು," ಅಂದಿದ್ದಳು. "ಆಮ್ಯಾಲೆ ನಾ ಇರಲಿ ಬಿಡಲಿ, ತಾವ ನಡಸ್ತಾರ."

ವಿಜಯವಾಡದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಏನಿಟ್ಟರೂ ಸಂಜೆಯೊಳಗೆ ಸೌದೆಯಾಗುತ್ತದೆ, ನಾನು ಒಯ್ದು ಒಣಗಿಸಿ ತರುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

"ನೀ ಒಣಗಿಸಿದ್ರ ಅದು ನಿನ್ನ ಬಾಳಕ ಆಗ್ತದ. ಇವರದ್ದು ಹೆಂಗ ಆಗ್ತದ?"

ಮನೆಮನೆಯವರೂ ತಮ್ಮ ಪಾಲಿನ ಚವಳಿಕಾಯಿಯನ್ನು ತಿನ್ನದೆ ತಂದು ಕೊಟ್ಟರು. ಹೆಂಗಸರೆಲ್ಲ ಅದನ್ನು ಮಜ್ಜಿಗೆಯಲ್ಲಿ ನೆನೆಸಿ, ನಾಲ್ಕಾರು ದಿನ ಮಾಳಿಗೆಯಲ್ಲಿ ಕೂತು ಹರಡಿದರು. ಕೊನೆಯ ದಿನ ಮಧ್ಯಾಹ್ನಕ್ಕೆ ಮುರಿದರೆ ಕಟಕಟ ಅನ್ನುತ್ತಿತ್ತು. ಆದರೆ ನಮ್ಮ ಕಡೆ ಬಿಸಿಯಿದ್ದಾಗ ಡಬ್ಬಿ ತುಂಬುವುದಿಲ್ಲ. ಬಿಸಿ ಕಾಯಿ ಡಬ್ಬಿಯೊಳಗೆ ಬೆವರುತ್ತದೆಂದು ಹೊತ್ತು ಮುಳುಗಿ ಆರುವ ತನಕ ಕಾಯುತ್ತೇವೆ. ಅವ್ವ, ಅಜ್ಜಿ ಎಲ್ಲರೂ ಹಾಗೆಯೇ ಮಾಡಿದವರು. ಅಕ್ಕನೂ ಕಾದಳು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಶ್ರೀಕಾಕುಳಂ ಕಡೆಯ ಪಕ್ಕದ ಮನೆಯಾಕೆ, ಸಂಜೆಯ ಈ ಗಾಳಿ ಒಳ್ಳೆಯದಲ್ಲ, ತೇವ ತರುತ್ತದೆ, ಬಿಸಿಲಿರುವಾಗಲೇ ತುಂಬಬೇಕಿತ್ತು, ಇಲ್ಲವೇ ಉಪ್ಪಿನಕಾಯಿಯಂತೆ ಎಣ್ಣೆಯಲ್ಲಿ ಹಾಕಿಬಿಡಿ ಎಂದು ತೆಲುಗಿನಲ್ಲಿ ಹೇಳಿದಳು.

"ಎಣ್ಣ್ಯಾಗ ಮುಳುಗಿಸದ ನಿಮಗ ಯಾವುದೂ ಸೇರಂಗಿಲ್ಲ ನೋಡ್ರಿ," ಎಂದು ಅಕ್ಕ ನಗಾಡಿದಳು. ಆಕೆಗೆ ಕನ್ನಡ ಎಷ್ಟು ತಿಳಿಯಿತೋ, ಆಕೆಯೂ ನಕ್ಕಳು. ಡಬ್ಬಿಗಳಿಗೆ ಬಿಗಿಯಾಗಿ ಮುಚ್ಚಳ ಬಿತ್ತು.

ಮಳೆ ಹಿಡಿದು, ಗಾಡಿ ನಿಂತು, ಪಾತಿಗಳಲ್ಲಿ ನೀರು ನಿಂತ ವಾರ ನಾನು ಅಲ್ಲಿದ್ದೆ. ಮೊದಲ ಡಬ್ಬಿ ತೆರೆದಾಗ ಬೂದುಬಣ್ಣದ ಬೂಷ್ಟು. ಎರಡನೆಯದರಲ್ಲೂ ಅದೇ. ಉಳಿದವನ್ನು ತೆರೆಯುವಾಗ ಅಕ್ಕ ಒಳಗೆ ನೋಡುವುದನ್ನೂ ಬಿಟ್ಟಿದ್ದಳು, ಮೂಗಿಗೇ ತಿಳಿಯುತ್ತಿತ್ತು. ಪಕ್ಕದ ಮನೆಯಾಕೆ "ಪರವಾಲೇದು ಅಕ್ಕಾ", ಪರವಾಗಿಲ್ಲ ಬಿಡಿ ಎಂದು, ತನ್ನ ಪಾಲಿನ ಡಬ್ಬಿಯನ್ನು ತಾನೇ ಒಯ್ದು ಕಸದ ಗುಂಡಿಗೆ ಸುರಿದು, ತೊಳೆದು ತಂದುಕೊಟ್ಟಳು. ಆ ಸಂಜೆ ಮನೆಮನೆಯಿಂದಲೂ ಆಲೂಗಡ್ಡೆ ಬೇಯುವ ವಾಸನೆ ಬಂತೆಂದು ಬರೆಯಬೇಕೆನಿಸುತ್ತದೆ, ಆದರೆ ಅದನ್ನು ನಾನು ಈಗ ಸೇರಿಸುತ್ತಿದ್ದೇನೇನೋ.

ಮಳೆ ನಿಂತ ಮೇಲೆ ಅಗೆಯಲು ಯಾರೂ ಬರಲಿಲ್ಲ. ಕರೆದರೆ ಬರುತ್ತೇನೆ ಎನ್ನುತ್ತಿದ್ದರು, ಮಗುವಿಗೆ ಜ್ವರ ಎನ್ನುತ್ತಿದ್ದರು. ಸಿಟ್ಟಾದರೂ ಮಾಡಿದ್ದರೆ ಅಕ್ಕನಿಗೆ ಉತ್ತರ ಕೊಡಲು ಬರುತ್ತಿತ್ತು. ಅವಳೊಬ್ಬಳೇ ಕೆಲವು ದಿನ ಪುಂಡಿಗೆ ನೀರು ಹಾಕಿದಳು. ಹೊಸದಾಗಿ ಬಂದ ಸಂಸಾರವೊಂದು ಮೆಂತ್ಯದ ಪಾತಿಯ ಮೇಲೆ ಸ್ಕೂಟರ್ ನಿಲ್ಲಿಸತೊಡಗಿತು. ಅದು ಪಾತಿಯೆಂದು ಅವರಿಗೆ ತಿಳಿಯುವಂತಿರಲಿಲ್ಲ.

ಎಲ್ಲಕ್ಕೂ ಆ ಒಂದು ಸಂಜೆಯ ಗಾಳಿಯೇ ಕಾರಣವೆಂದು ನಂಬುವುದು ನನಗೆ ಸುಲಭ. ಅವರಿಗೆಲ್ಲ ಮೊದಲೇ ಸಾಕಾಗಿತ್ತು, ಬೂಷ್ಟು ಒಂದು ನೆಪವಾಯಿತು ಎಂದೂ ಇರಬಹುದು. ಎಲ್ಲರೂ ಇಂದಲ್ಲ ನಾಳೆ ಊರು ಬಿಡುವವರೇ. ಬೇರೆಯವರು ಉಣ್ಣುವ ಬದನೆಗೆ ಯಾರು ಎಷ್ಟು ದಿನ ನೀರು ಹೊತ್ತಾರು?

ವರ್ಗದ ಆದೇಶ ಬಂದಾಗ ಸಾಮಾನು ಕಟ್ಟಲು ಹೋಗಿದ್ದೆ. ಅಕ್ಕ ಹಿಂದಿನ ಬಾಗಿಲು ತೆರೆಯಲೇ ಇಲ್ಲ. ಅಡುಗೆಮನೆಯ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಾ ಕೂತಿದ್ದಳು. ಆಗ ಒಂದು ಪ್ರಶ್ನೆ ಕೇಳಿದೆ. ಕೇಳಬಾರದಿತ್ತೋ ಏನೋ. ಹಗ್ಗದ ತುದಿ ಹಿಡಿಯೆಂದು ನನ್ನ ಕೈಗೆ ಕೊಟ್ಟಳು, ಗಂಟು ಬಿಗಿದಳು, ಮುಂದಿನ ಗಂಟಿಗೆ ಹೋದಳು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ, ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

"ಬಾಳಕ ಕೆಡದ ಇದ್ದಿದ್ರ, ಅಕ್ಕಾ, ಇವರು ಖರೇನ ತೋಟ ನಡಸ್ತಿದ್ರೇನು?"