ಎತ್ತಿಟ್ಟ ಕಡುಬು

"ಅದ್ನ ಮುಟ್ಬ್ಯಾಡ ಕಣವ್ವ, ಅದು ತಮ್ಮಯ್ಯನ ಕಡುಬು!"

ಪಾತ್ರೆಯಲ್ಲಿ ಉಳಿದಿದ್ದ ಪುಟ್ಟ ಕಡುಬಿಗೆ ಚಾಚಿದ ನನ್ನ ಕೈ ಹಾಗೇ ನಿಂತಿತು. ಹೇಳಿದವರು ಆ ಮನೆಯ ಅಜ್ಜಿ. ಮುತ್ತಜ್ಜ ಹುಟ್ಟಿದ ಮನೆಯನ್ನು ಹುಡುಕುತ್ತಾ, ಕೆ. ಹೊಸಕೋಟೆಯಲ್ಲಿ ಬಸ್ಸಿಳಿದು ನಾನು ಹೊಕ್ಕ ನಾಲ್ಕನೇ ಮನೆ ಅದು. ಮುತ್ತಜ್ಜನ ಹೆಸರು ತಿಮ್ಮೇಗೌಡ ಎಂದದ್ದಕ್ಕೆ, ಇಲ್ಲಿ ಮನೆಗೊಬ್ಬ ತಿಮ್ಮೇಗೌಡ ಇದ್ದಾನೆಂದು ನಕ್ಕು, ಮೊದಲು ತಿಂಡಿಗೆ ಕೂರಿಸಿದ್ದರು.

"ಯಾವ ತಮ್ಮಯ್ಯ ಅಜ್ಜಿ?"

"ನಮ್ಮ ಮಾವನ ತಮ್ಮ. ಅಣ್ಣನ ಮೇಲೆ ಮುನಿಸ್ಕಂಡು ಊರು ಬಿಟ್ಟು ಹೋಗ್ಬುಟ್ರಂತೆ. ಕಡುಬು ಮಾಡ್ದಾಗೆಲ್ಲ ಮಾವ ಅವ್ರಿಗೊಂದು ಎತ್ತಿಡುಸ್ತಿದ್ರು. ನಾನೂ ಬಿಟ್ಟಿಲ್ಲ."

ಅರಸೀಕೆರೆಯ ನಮ್ಮ ಮನೆಯಲ್ಲೂ ಕೊನೆಯ ಹಿಟ್ಟಿನಲ್ಲಿ ಒಂದು ಪುಟ್ಟ ಕಡುಬು ಕಟ್ಟಿ ಎತ್ತಿಡುತ್ತೇವೆ. ಅದು 'ಅಣ್ಣಯ್ಯನ ಕಡುಬು'. ಮುತ್ತಜ್ಜ ಮಾಡಿಟ್ಟ ರೂಢಿ. ಯಾವ ಅಣ್ಣಯ್ಯ ಎಂದು ನಾವ್ಯಾರೂ ಕೇಳಿರಲೇ ಇಲ್ಲ. ಸಣ್ಣ ಕಡುಬಿನ ಹೆಸರೇ ಅದೆಂದು ತಿಳಿದು, ಒಮ್ಮೆ ಹೋಟೆಲಿನಲ್ಲಿ "ಎರಡು ಅಣ್ಣಯ್ಯನ ಕಡುಬು ಕೊಡಿ" ಎಂದು ನಗೆಪಾಟಲಾಗಿದ್ದೆ.

ಅದನ್ನು ಹೇಳಿ ಮುಗಿಸುವ ಮೊದಲೇ ಅಜ್ಜಿ ಎದ್ದುಬಿಟ್ಟಿದ್ದರು. "ಬನ್ರೋ ಎಲ್ಲಾರೂ! ತಮ್ಮಯ್ಯನ ಮನೆಯೋರು ಬಂದವ್ರೆ!" ತೋಟದವರೆಗೂ ಕೇಳುವಂತೆ ಕೂಗಿ, ಆ ಕಡುಬನ್ನು ತಾವೇ ನನ್ನ ತಟ್ಟೆಗೆ ಹಾಕಿದರು. ನಾನು ತಿಂದವಳೇ ಎಸ್‌ಟಿಡಿ ಬೂತಿಗೆ ಓಡಿದೆ. ಅಪ್ಪನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

ಮರುತಿಂಗಳು ಅಜ್ಜಿಯನ್ನು ಅರಸೀಕೆರೆಗೆ ಕರೆತಂದೆ. ಹೊಸಿಲು ದಾಟುವ ಮೊದಲೇ ಅವರು ಕೇಳಿದರು: "ಎಲ್ರವ್ವ, ನಮ್ಮ ಮಾವನ ಕಡುಬು?"