ತೀರ್ಪುಗಾರರು ಸುಪ್ರೀಮ್

ಸುಪ್ರೀಮ್ ಎಂಬ ಇಂಗ್ಲಿಷ್ ವಿಶೇಷಣಕ್ಕೆ ನಿಘಂಟು ಕೊಡುವ ಅರ್ಥ ಸರಳ: ಎಲ್ಲಕ್ಕಿಂತ ಮೇಲಿನದು, ತನ್ನ ಮೇಲೆ ಇನ್ನೊಂದಿಲ್ಲದ್ದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಅದರ ಬಳಕೆ ಇನ್ನೂ ಸರಳ. ಹೇಳಲು ಕಾರಣ ಉಳಿಯದಿದ್ದಾಗ ಎದುರಿನವರ ಬಾಯಿಗೆ ಒತ್ತುವ ಬಿರಡೆ ಅದು.

ಇದನ್ನು ನಾನು ಕಲಿತದ್ದು ಎರಡನೇ ಪಿಯುಸಿಯಲ್ಲಿ, ಬಸ್ ಸ್ಟ್ಯಾಂಡಿನ ಸುತ್ತ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದ ಕಾಲದ ಕೊಪ್ಪದಲ್ಲಿ. ಅಲ್ಲಿನ ಸಂಘವೊಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪಿಯು ಕಾಲೇಜುಗಳಿಗೆ ಚರ್ಚಾಸ್ಪರ್ಧೆ ಇಟ್ಟಿತ್ತು. ಗೆದ್ದ ಒಬ್ಬರಿಗೆ ಮಾತ್ರ ಚಿಕ್ಕಮಗಳೂರಿನ ಜಿಲ್ಲಾ ಸುತ್ತು. ಆ ಒಂದು ಜಾಗಕ್ಕಾಗಿ ಎರಡು ವರ್ಷ ಕನ್ನಡಿಯ ಜೊತೆ ವಾದ ಮಾಡಿದ್ದೆ. ಅದು ನನಗೆ ಕೊನೆಯ ಅವಕಾಶ. ಮುಂದಿನ ವರ್ಷ ಡಿಗ್ರಿ.

ಕಾಲೇಜಿಗೆ ಕಳಿಸಿದ್ದ ಹಾಳೆಯಲ್ಲಿ ವಿಷಯ: 'ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಸುಪ್ರೀಮ್'. ಅದೇ ಹಾಳೆಯ ಕೊನೆಯ ನಿಯಮ: 'ತೀರ್ಪುಗಾರರ ತೀರ್ಮಾನವೇ ಸುಪ್ರೀಮ್'. ಒಂದೇ ಹಾಳೆಯಲ್ಲಿ ಇಬ್ಬರು ಸರ್ವೋಚ್ಚರು! ಬರೆದವರಿಗೆ ಏನೂ ಅನ್ನಿಸಿರಲಿಲ್ಲ.

ಪಟ್ಟಿಯಲ್ಲಿ ಏಳು ಹೆಸರು. ಮೂರನೆಯವಳು ಕೆರೆಕಟ್ಟೆ ಕಡೆಯ ಹುಡುಗಿ. ಬಸ್ಸು ಬರಲಿಲ್ಲ, ಹಾಗಾಗಿ ಅವಳೂ ಬರಲಿಲ್ಲ. ನಾಲ್ಕನೆಯವಳು ನಾನು. ವಿಷಯವನ್ನು ವಿರೋಧಿಸಿದೆ. ಯಾರನ್ನೇ ಆಗಲಿ ಸುಪ್ರೀಮ್ ಅಂತ ಒಪ್ಪಿಕೊಂಡ ದಿನ ಅವರ ತಪ್ಪು ತಿದ್ದುವ ದಾರಿ ಮುಚ್ಚುತ್ತದೆ ಅಂದೆ. ಜೋರು ಚಪ್ಪಾಳೆ ಬಿತ್ತು. ಗೆದ್ದೆ ಅಂದುಕೊಂಡು ಕೂತೆ.

ಫಲಿತಾಂಶ ಓದಿದರು. ಪ್ರಥಮ ಸ್ಥಾನ ಕೆರೆಕಟ್ಟೆಯ ಹುಡುಗಿಗೆ. ಬಾರದೇ ಇದ್ದವಳಿಗೆ, ಬಾಯಿಯೇ ತೆರೆಯದವಳಿಗೆ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ನೇರ ತೀರ್ಪುಗಾರರ ಮೇಜಿಗೆ ಹೋದೆ. ನಡುವೆ ನಿವೃತ್ತ ಮೇಷ್ಟ್ರು, ಒಂದು ಪಕ್ಕ ವಕೀಲರು, ಇನ್ನೊಂದು ಪಕ್ಕ ತೋಟದ ಯಜಮಾನರೊಬ್ಬರು. ಅಂಕಪಟ್ಟಿ ಅಲ್ಲೇ ಬಿದ್ದಿತ್ತು. ಮೇಷ್ಟ್ರು ಬಾರದವಳ ಸಾಲನ್ನು ಖಾಲಿ ಬಿಡದೆ, ಮಾತಾಡಿದವರ ಅಂಕವನ್ನು ಮಾತಾಡಿದ ಕ್ರಮದಲ್ಲೇ ಮೇಲಿನಿಂದ ತುಂಬಿಸುತ್ತಾ ಹೋಗಿದ್ದರು. ನನ್ನ ಅಂಕ ಅವಳ ಹೆಸರಿನ ಮುಂದೆ, ಮೂರನೆಯ ಸಾಲಿನಲ್ಲಿ ಕೂತಿತ್ತು. ಏಳನೆಯವನ ಸಾಲು ಖಾಲಿ. ವಯಸ್ಸಾದವರು, ಆಗುತ್ತದೆ, ಬಿಡಿ. ಆದರೆ ಉಳಿದಿಬ್ಬರ ಪಟ್ಟಿಯೂ ಹಾಗೇ ಇತ್ತು, ಅರ್ಧ ಅಂಕವೂ ಆಚೀಚೆ ಇಲ್ಲ.

"ನೀವೂ ಇದನ್ನೇ ಹಾಕಿದೀರಲ್ಲ ಸಾರ್?" ವಕೀಲರನ್ನು ಕೇಳಿದೆ.

"ಹಿರಿಯರು ಒಂದು ಹಾಕಿದ್ಮೇಲೆ ನಾವು ಬೇರೆ ಹಾಕೋದು ಚೆನ್ನಾಗಿರ್ತದಾ? ಅವರು ಬರ್ದು ಈ ಕಡೆ ದಾಟಿಸಿದ್ರು. ನಾವು ನೋಡ್ಕಂಡು ಬರ್ದ್ವಿ."

ನಮ್ಮ ಕಡೆ ಮದುವೆಮನೆಯಲ್ಲಿ ಎಲೆ-ಅಡಿಕೆಯ ತಟ್ಟೆ ಮೊದಲು ಹಿರಿಯರ ಮುಂದೆ ಹೋಗಬೇಕು. ಅವರು ಎಲೆ ಎತ್ತಿಕೊಳ್ಳುವವರೆಗೆ ಉಳಿದವರು ಕೈ ಹಾಕುವಂತಿಲ್ಲ. ಇವರು ಅಂಕಪಟ್ಟಿಯನ್ನೂ ಹಾಗೇ ತಿರುಗಿಸಿದ್ದರು. ಇದಕ್ಕೆ ಮೂವರು ಯಾಕೆ? ಒಬ್ಬ ಮೇಷ್ಟ್ರು, ಎರಡು ಕಾರ್ಬನ್ ಹಾಳೆ ಸಾಕಿತ್ತು. ಕಾರ್ಬನ್ ಹಾಳೆಗೆ ಶಾಲು ಹೊದೆಸುವ ಖರ್ಚೂ ಇಲ್ಲ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಓಡಿಬಂದರು. "ಎಂತ ಮಾರಾಯ್ತಿ, ದೊಡ್ಡವರ ಹತ್ರ ವಾದ ಹಾಕ್ತೀಯಲ್ಲ? ನಿಯಮ ಓದ್ಲಿಲ್ವಾ? ಸುಪ್ರೀಮ್ ಅಂತ ಬರ್ದಿದೆ."

"ಸುಪ್ರೀಮ್ ಕೋರ್ಟೇ ತನ್ನ ತೀರ್ಪನ್ನ ಮತ್ತೆ ನೋಡ್ತದೆ. ಬೇಕಾದ್ರೆ ವಕೀಲರನ್ನೇ ಕೇಳಿ."

ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. "ಅದು ಹೌದು, ಕಾನೂನಲ್ಲಿದೆ. ಆದ್ರೆ ಇದು ಕೋರ್ಟಲ್ವಲ್ಲ."

"ಕೋರ್ಟಿಗಿಂತ ದೊಡ್ಡದಾ ಸಾರ್?"

ಮೇಷ್ಟ್ರು ಅಷ್ಟು ಹೊತ್ತು ಪಟ್ಟಿಯ ಮೇಲೆ ಬೆರಳು ಓಡಿಸುತ್ತಿದ್ದರು. "ಈ ಕೂಸು ಚೆನ್ನಾಗಿ ಮಾತಾಡ್ತು. ಜಾಸ್ತಿ ಕೊಟ್ಟಿದ್ದು ಇದಕ್ಕೇ," ಅಂದರು.

"ಹಾಗಾದ್ರೆ ತಿದ್ದಿ ಸಾರ್."

ಅವರ ಕೈ ಪೆನ್ನಿನ ಕಡೆ ಹೋಯಿತು. ಕಾರ್ಯದರ್ಶಿ ತಡೆದರು. "ಮೈಕಲ್ಲಿ ಹೇಳಾಯ್ತು. ಈಗ ತಿದ್ದಿದ್ರೆ ನಿಮ್ಮ ಮರ್ಯಾದೆ ಎಂತ ಆಗ್ತದೆ?" ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ತಪ್ಪು ಮಾಡಿದ್ದಕ್ಕೆ ಅವರನ್ನು ಅಂದೇ ಕ್ಷಮಿಸಿದ್ದೆ. ಆ ಮುಚ್ಚಳ ಹಾಕಿದ್ದಕ್ಕೆ ಈವರೆಗೂ ಕ್ಷಮಿಸಿಲ್ಲ.

ಮೂರೂವರೆಗೆ ಕೆರೆಕಟ್ಟೆಯ ಹುಡುಗಿ ಏದುಸಿರು ಬಿಡುತ್ತಾ ಬಂದಳು. ನೀನೇ ಗೆದ್ದೆ ಅಂತ ಕಾರ್ಯದರ್ಶಿ ಹೇಳಿದಾಗ ತಮಾಷೆ ಅಂದುಕೊಂಡಳು. "ನಾ ಈಗಷ್ಟೇ ಬಸ್ ಇಳಿದ್ನಲ್ಲ!"

"ತಗ ತಗ, ಸುಮ್ನಿರು," ಅಂತ ಕಾರ್ಯದರ್ಶಿ ಅವಳ ಕೈಗೆ ಪ್ರಶಸ್ತಿಪತ್ರ ತುರುಕಿದರು. ಅವಳು ತಗೊಂಡಳು.

ಬಸ್ ಸ್ಟ್ಯಾಂಡಿನವರೆಗೂ ನನ್ನ ಹಿಂದೆಯೇ ಬಂದಳು. "ಏಯ್, ನಿಲ್ಲೇ. ನೀನು ಎಂತ ಹೇಳಿದ್ದೆ? ಚಿಕ್ಕಮಗಳೂರಲ್ಲಿ ನಾ ಎಂತ ಮಾತಾಡ್ಲಿ? ಬರ್ದು ಕೊಡ್ತೀಯಾ?"

ಭಾಷಣದ ಮೂರು ಹಾಳೆ ನನ್ನ ಬ್ಯಾಗಿನಲ್ಲೇ ಇದ್ದವು. "ಈಗ ವಾಪಸ್ ಹೋಗಿ, ಈ ಬಹುಮಾನ ನಂದಲ್ಲ ಅಂತ ಮೈಕಲ್ಲಿ ಹೇಳು. ಕೊಡ್ತೇನೆ."

ಅವಳು ಸಭಾಂಗಣದ ಕಡೆ ತಿರುಗಿ ನೋಡಿದಳು. "ಅವ್ರೆಲ್ಲ ದೊಡ್ಡವರಲ್ವೇನೇ ಮಾರಾಯ್ತಿ."

ನಾನು ನಮ್ಮೂರು ನರಸಿಂಹರಾಜಪುರದ ಬಸ್ಸು ಹತ್ತಿದೆ. ಹಾಳೆ ಕೊಡಲಿಲ್ಲ. ಹೋಗಿ ಎಂತ ಮಾತಾಡುವುದು ಅಂತ ಹೆದರಿ ಅವಳು ಊರಲ್ಲೇ ಉಳಿದಳಂತೆ. ಆ ವರ್ಷ ನಮ್ಮ ಮೂರು ತಾಲ್ಲೂಕುಗಳಿಂದ ಚಿಕ್ಕಮಗಳೂರಿಗೆ ಯಾರೂ ಹೋಗಲಿಲ್ಲ.